ಮೆಟ್ಟಿಲು ಕಿತ್ತ ಗಿಟಾರು: ಜಾಕೊ ಪಾಸ್ಟೋರಿಯಸ್ ಬಾಳಿನ ಕಥೆ

ವಾದ್ಯವೊಂದನ್ನು ಕೊಂಡು ತಂದವನು ಅದಕ್ಕೆ ಗೀರು ಬೀಳದಂತೆ, ಧೂಳು ತಾಗದಂತೆ ಬಟ್ಟೆ ಸುತ್ತಿ ಇಡುವುದು ಲೋಕದ ವಾಡಿಕೆ. 1970ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಫೋರ್ಟ್ ಲಾಡರ್‌ಡೇಲ್ ಎಂಬ ಕಡಲ ಕರೆಯ ಪಟ್ಟಣದಲ್ಲಿದ್ದ ಯುವಕನೊಬ್ಬ ಮಾಡಿದ್ದು ಬೇರೆಯೇ. ಮೆಟ್ಟಿಲುಗಳೇ ಇಲ್ಲದ ಗಿಟಾರು ಆತನಿಗೆ ಬೇಕಾಗಿತ್ತು. ಬೆಣ್ಣೆ ಸವರುವ ಚೂರಿಯಿಂದ ಅವನ್ನು ಒಂದೊಂದಾಗಿ ಮೀಟಿ ತೆಗೆದನಂತೆ. ಉಳಿದ ಸಂದುಗಳಿಗೆ ಮರದ ಪುಟ್ಟಿ ತುಂಬಿದ. ಬಳಿಕ ದೋಣಿಗೆ ಬಳಿಯುವ ಎಪಾಕ್ಸಿಯನ್ನು ತಂದು ಪದರದ ಮೇಲೆ ಪದರ ಹಚ್ಚಿದ. ನೋಡಿದವರು ಒಳ್ಳೆಯ ವಾದ್ಯವನ್ನು ಹಾಳುಗೆಡವಿದನೆಂದು ಮರುಗಿದ್ದರೆ ಅವರನ್ನು ದೂರುವಂತಿಲ್ಲ. ಆದರೆ ಹತ್ತು ವರ್ಷ ಕಳೆಯುವಷ್ಟರಲ್ಲಿ ದೇಶದೇಶಗಳ ತರುಣರು ತಮ್ಮ ತಮ್ಮ ಗಿಟಾರುಗಳ ಮೆಟ್ಟಿಲನ್ನು ಹಾಗೆಯೇ ಕೀಳತೊಡಗಿದ್ದರು.

ಆ ಯುವಕನ ಹೆಸರು ಜಾಕೊ ಪಾಸ್ಟೋರಿಯಸ್. ಬದುಕಿದ್ದು 35 ವರ್ಷ ಮಾತ್ರ. ಪಾಶ್ಚಾತ್ಯ ಸಂಗೀತದ ಪರಿಚಯ ಅಷ್ಟಾಗಿ ಇಲ್ಲದ ವಾಚಕರಿಗೂ ಈತನ ಬಾಳು ತಿಳಿದಿರಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇವೆ.

ಮೊದಲು ವಾದ್ಯದ ವಿಚಾರ. ವೀಣೆಯ ದಂಡಿಯ ಮೇಲೆ ಮೇಣದಲ್ಲಿ ಕೂರಿಸಿದ ಮೆಟ್ಟಿಲುಗಳನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಗಿಟಾರಿನಲ್ಲೂ ಅಂಥ ಲೋಹದ ಅಡ್ಡಪಟ್ಟಿಗಳಿವೆ. ಅವನ್ನು ಫ್ರೆಟ್ ಎನ್ನುತ್ತಾರೆ. ನಾವು ಮೆಟ್ಟಿಲೆಂದೇ ಕರೆಯೋಣ. ಬಾಸ್ ಗಿಟಾರಿಗೆ ನಾಲ್ಕು ದಪ್ಪ ತಂತಿಗಳು. ಅತಿ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಮೇಳದಲ್ಲಿ ಈ ವಾದ್ಯದ ಪಾಡು ಮನೆಯ ಪಂಚಾಂಗದ ಕಲ್ಲಿನಂತೆ. ಅದಿಲ್ಲದೆ ಮೇಲಿನದು ನಿಲ್ಲದು. ಆದರೆ ಮನೆ ನೋಡಲು ಬಂದವರು ಯಾರೂ ಅದನ್ನು ಹೊಗಳುವುದಿಲ್ಲ.

ಇದಕ್ಕೂ ಮೊದಲು ಆ ಕೆಲಸ ಮಾಡುತ್ತಿದ್ದುದು ಆಳೆತ್ತರದ ಡಬಲ್ ಬಾಸ್. ಪಿಟೀಲಿನ ದೊಡ್ಡಣ್ಣನೆನ್ನಬಹುದಾದ ಅದಕ್ಕೆ ಮೆಟ್ಟಿಲುಗಳಿಲ್ಲ. ಹೊತ್ತು ಸಾಗಿಸುವುದು ಕಷ್ಟ. ಗದ್ದಲದ ಮೇಳದಲ್ಲಿ ಅದರ ದನಿಯೂ ಕೇಳಿಸದು. ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ದುರಸ್ತಿ ಮಾಡುತ್ತಿದ್ದ ಲಿಯೊ ಫೆಂಡರ್ ಎಂಬಾತ 1951ರಲ್ಲಿ ಇದಕ್ಕೊಂದು ಪರಿಹಾರ ಕಂಡ. ಗಿಟಾರಿನಂತೆ ಕೊರಳಿಗೆ ತೂಗುಹಾಕಿಕೊಂಡು, ವಿದ್ಯುತ್ತಿನ ನೆರವಿನಿಂದ ನುಡಿಸುವ ಬಾಸನ್ನು ತಯಾರಿಸಿ ಮಾರಾಟಕ್ಕಿಟ್ಟ. ಫೆಂಡರ್‌ಗೆ ಸ್ವತಃ ಗಿಟಾರು ನುಡಿಸಲು ಬರುತ್ತಿರಲಿಲ್ಲ ಎಂಬುದು ತಮಾಷೆಯ ಸಂಗತಿ. ಈ ಬಾಸಿಗೆ ಆತನಿಟ್ಟ ಹೆಸರು ಪ್ರಿಸಿಷನ್, ಅಂದರೆ ಕರಾರುವಾಕ್ಕು. ಮೆಟ್ಟಿಲುಗಳಿರುವುದರಿಂದ ಬೆರಳು ತುಸು ಆಚೀಚೆ ಕೂತರೂ ಸ್ವರ ತಪ್ಪುವುದಿಲ್ಲ ಎಂಬುದೇ ಆ ಹೆಸರಿನ ಅರ್ಥ. 1960ರಲ್ಲಿ ಅದೇ ಕಂಪೆನಿ ಜಾಝ್ ಬಾಸ್ ಎಂಬ ಇನ್ನೊಂದು ಮಾದರಿಯನ್ನು ಹೊರತಂದಿತು. ನಮ್ಮ ಕಥಾನಾಯಕನ ಕೈಸೇರಿದ್ದು 1962ರಲ್ಲಿ ತಯಾರಾದ ಒಂದು ಜಾಝ್ ಬಾಸ್.

ಕರಾರುವಾಕ್ಕು ಬಾಸು ಮಾರಾಟಕ್ಕೆ ಬಂದ ವರ್ಷವೇ, 1951ರ ಡಿಸೆಂಬರ್ 1ರಂದು, ಪೆನ್ಸಿಲ್ವೇನಿಯಾ ರಾಜ್ಯದ ನಾರಿಸ್‌ಟೌನಿನಲ್ಲಿ ಜಾಕೊ ಹುಟ್ಟಿದ. ಪೂರ್ತಿ ಹೆಸರು ಜಾನ್ ಫ್ರಾನ್ಸಿಸ್ ಪಾಸ್ಟೋರಿಯಸ್. ತಂದೆಗೂ ಅಜ್ಜನಿಗೂ ಅದೇ ಹೆಸರಿದ್ದುದರಿಂದ ಈತ ಆ ಹೆಸರಿನ ಮೂರನೆಯವನು. ತಂದೆ ಹಾಡುಗಾರ, ಡ್ರಮ್ಸ್ ವಾದಕ. ತಾಯಿ ಫಿನ್ಲೆಂಡ್ ಮೂಲದ ಮನೆತನದವಳು. ಜಾಕೊ ಇನ್ನೂ ಹುಡುಗನಾಗಿದ್ದಾಗಲೇ ಸಂಸಾರ ಫ್ಲಾರಿಡಾಕ್ಕೆ ಬಂದು ನೆಲೆಸಿತು. ತಂದೆ ಹೊಟ್ಟೆಪಾಡಿಗಾಗಿ ಊರೂರು ಅಲೆಯುತ್ತಿದ್ದುದರಿಂದ ಮೂವರು ಗಂಡುಮಕ್ಕಳನ್ನು ಸಾಕುವ ಭಾರ ಹೆಚ್ಚಾಗಿ ತಾಯಿಯ ಮೇಲೆಯೇ ಬಿತ್ತು. ಹುಡುಗ ಇಗರ್ಜಿಯಲ್ಲಿ ಪೂಜೆಯ ಹೊತ್ತಿಗೆ ಪಾದ್ರಿಗಳಿಗೆ ಸಹಾಯಕನಾಗಿದ್ದ. ಬೆಳಗಾತ ಎದ್ದು ಮನೆಮನೆಗೆ ಪತ್ರಿಕೆ ಹಂಚುತ್ತಿದ್ದ. ಪತ್ರಿಕೆ ಹಂಚುವ ಹುಡುಗರ ಬಗ್ಗೆ ಪತ್ರಿಕೆಗೆ ಬರೆಯುವವರಿಗೆ ಸ್ವಲ್ಪ ಅಭಿಮಾನ ಇರುವುದು ಸಹಜ. ಆಟದಲ್ಲಿ ಎಲ್ಲರಿಗಿಂತ ಮುಂದೆ. ಬೇಸ್‌ಬಾಲ್ ಆಟದ ಹೆಸರಾಂತ ಅಂಪೈರ್ ಜಾಕೊ ಕಾನ್ಲನ್ ಎಂಬವರಿಂದ ಬಂದ ಅಡ್ಡಹೆಸರು ಕಡೆಯವರೆಗೂ ಆತನಿಗೆ ಅಂಟಿಕೊಂಡಿತು. ಅದರ ಕಾಗುಣಿತವನ್ನು ಮಾತ್ರ ಆಮೇಲೆ ತನಗೆ ಬೇಕಾದಂತೆ ಬದಲಿಸಿಕೊಂಡ.

ತಂದೆಯಂತೆ ಮಗನೂ ಡ್ರಮ್ಸ್ ವಾದಕನಾಗಬೇಕಾದವನು. 13ನೆಯ ವಯಸ್ಸಿನಲ್ಲಿ ಫುಟ್‌ಬಾಲ್ ಆಡುವಾಗ ಮಣಿಕಟ್ಟಿಗೆ ಪೆಟ್ಟಾಯಿತು. ಮೂಳೆ ಸರಿಯಾಗಿ ಕೂಡಲಿಲ್ಲ. ಕೋಲು ಹಿಡಿದು ಬಾರಿಸುವುದು ಕಷ್ಟವಾಯಿತು. ಅದೇ ಹೊತ್ತಿಗೆ ಆತನಿದ್ದ ಸ್ಥಳೀಯ ಮೇಳಕ್ಕೆ ಇವನಿಗಿಂತ ಚೆನ್ನಾಗಿ ಬಾರಿಸುವ ಹುಡುಗನೊಬ್ಬ ಬಂದ. ಬಾಸ್ ನುಡಿಸುತ್ತಿದ್ದವನು ಬಿಟ್ಟುಹೋದ. ಜಾಕೊ ಗಿರವಿ ಅಂಗಡಿಗೆ ಹೋಗಿ 15 ಡಾಲರಿಗೆ ಒಂದು ಹಳೆಯ ಬಾಸ್ ಗಿಟಾರು ಕೊಂಡುತಂದು ಖಾಲಿ ಬಿದ್ದ ಜಾಗದಲ್ಲಿ ನಿಂತ. ಕೈಯ ನೋವಿನಿಂದಾಗಿ ಹಿಡಿದ ವಾದ್ಯ ಇದು. ಆದರೆ ಆತನ ಬಲಗೈಯ ಬೆರಳುಗಳಲ್ಲಿ ಡ್ರಮ್ಸಿನ ಲಯ ಕೊನೆಯವರೆಗೂ ಉಳಿದಿತ್ತು. ಆತನ ತಂತಿಯ ನಡೆಯನ್ನು ಗಮನವಿಟ್ಟು ಕೇಳಿದರೆ ಕೋಲಿನ ಪೆಟ್ಟಿನ ಲೆಕ್ಕ ಸ್ಪಷ್ಟವಾಗಿ ಕೇಳುತ್ತದೆ. ಸಮುದ್ರದಾಚೆಗಿನ ಕ್ಯೂಬಾ ದ್ವೀಪದ ತಾಳಗಳೂ ಕರಿಯರ ಸೋಲ್ ಸಂಗೀತವೂ ಆ ತೀರದ ಗಾಳಿಯಲ್ಲೇ ಇದ್ದುವು. ಹುಡುಗ ಎಲ್ಲವನ್ನೂ ಕಿವಿಗೆ ತುಂಬಿಕೊಂಡ.

ಜಾಝ್ ಸಂಗೀತ ನುಡಿಸಬೇಕಾದರೆ ಡಬಲ್ ಬಾಸ್ ಬೇಕೆಂದು ದುಡ್ಡು ಕೂಡಿಟ್ಟು ಅದನ್ನೂ ಕೊಂಡ. ಫ್ಲಾರಿಡಾದ ಹವೆಯಲ್ಲಿ ತೇವ ಬಹಳ. ಆಟಿ ತಿಂಗಳಲ್ಲಿ ನಮ್ಮ ಮನೆಗಳ ಬಾಗಿಲು ಉಬ್ಬಿ ದಾರಂದಕ್ಕೆ ಸಿಕ್ಕಿಹಾಕಿಕೊಳ್ಳುವುದು ಎಲ್ಲರಿಗೂ ಗೊತ್ತಿದೆ. ಅಂಥ ಹವೆಯಲ್ಲಿ ತೆಳು ಹಲಗೆಗಳನ್ನು ಅಂಟಿಸಿ ಮಾಡಿದ ವಾದ್ಯ ಎಷ್ಟು ದಿನ ತಾಳೀತು? ಒಂದು ಬೆಳಗ್ಗೆ ನೋಡಿದರೆ ಡಬಲ್ ಬಾಸ್ ಬಿರುಕು ಬಿಟ್ಟು ಹಾಳಾಗಿ ನಿಂತಿತ್ತು. ಇನ್ನೊಂದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಡಬಲ್ ಬಾಸಿನ ಆ ಜಾರುವ ದನಿ ಬೇಕು, ಆದರೆ ವಾದ್ಯ ಈ ಹವೆಗೆ ಹಾಳಾಗಬಾರದು. ಇದಕ್ಕೆ ಉತ್ತರವೇ ಮೆಟ್ಟಿಲು ಕಿತ್ತ ಜಾಝ್ ಬಾಸ್.

ಚೂರಿಯಿಂದ ಮೆಟ್ಟಿಲು ಕಿತ್ತ ಕಥೆಯನ್ನು ಜಾಕೊ ತಾನೇ ಹೇಳಿದ್ದುಂಟು. ಕೊಳ್ಳುವಾಗಲೇ ಯಾರೋ ಒರಟಾಗಿ ಕಿತ್ತಿದ್ದರು, ತಾನು ಸರಿಪಡಿಸಿದೆ ಎಂದು ಇನ್ನೊಮ್ಮೆ ಹೇಳಿದ್ದೂ ಉಂಟು. ಕಥೆ ಕಟ್ಟುವುದರಲ್ಲಿಯೂ ಆತ ಕಡಿಮೆಯವನಲ್ಲ. ಹಾಗೆ ನೋಡಿದರೆ ಮೆಟ್ಟಿಲಿಲ್ಲದ ಬಾಸ್ ಗಿಟಾರಿಗೆ ಈತ ಮೊದಲಿಗನೂ ಅಲ್ಲ. ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ಮೇಳದ ಬಿಲ್ ವೈಮನ್ 1960ರ ದಶಕದ ಆರಂಭದಲ್ಲೇ ಒಂದರ ಮೆಟ್ಟಿಲು ಕಿತ್ತಿದ್ದ. 1966ರಲ್ಲಿ ಆಂಪೆಗ್ ಕಂಪೆನಿ ಅಂಥದ್ದನ್ನು ಮಾರುಕಟ್ಟೆಗೂ ತಂದಿತ್ತು. ಜಾಕೊನ ಹೆಚ್ಚುಗಾರಿಕೆ ಇರುವುದು ಕಿತ್ತದ್ದರಲ್ಲಿ ಅಲ್ಲ, ಕಿತ್ತ ಮೇಲೆ ಹಚ್ಚಿದ್ದರಲ್ಲಿ ಎಂದು ನಮಗೆ ತೋರುತ್ತದೆ.

ಯಾಕೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಬಾಸಿನ ತಂತಿಗಳಲ್ಲಿ ಎರಡು ಬಗೆ. ಒಳಗಿನ ಉಕ್ಕಿನ ಎಳೆಗೆ ಚಪ್ಪಟೆ ಪಟ್ಟಿ ಸುತ್ತಿದರೆ ಮೈ ನುಣುಪಾಗಿ, ದನಿ ಮಂದವಾಗಿ ಇರುತ್ತದೆ. ದುಂಡು ತಂತಿಯನ್ನೇ ಸುತ್ತಿದರೆ ಮೈ ತರಿತರಿ; ದನಿ ಮಾತ್ರ ಗಂಟೆಯಂತೆ ತಿಳಿ. ಜಾಕೊನಿಗೆ ಬೇಕಾದದ್ದು ಈ ಎರಡನೆಯದು. ಆದರೆ ಮೆಟ್ಟಿಲು ಇಲ್ಲದ ಮೇಲೆ ತಂತಿ ನೇರವಾಗಿ ಮರದ ಮೇಲೆಯೇ ಒತ್ತುತ್ತದೆ. ಬೆರಳನ್ನು ಜಾರಿಸಿದಂತೆಲ್ಲ ತರಿ ಮೈಯ ತಂತಿ ಅರದಂತೆ ಮರವನ್ನು ತಿನ್ನುತ್ತದೆ. ಜಾಝ್ ಬಾಸಿನ ಬೆರಳುಹಲಗೆ ಬೀಟೆ ಜಾತಿಯ ಗಟ್ಟಿ ಮರದ್ದೇ ಆದರೂ ಕೆಲವೇ ಕಾಲದಲ್ಲಿ ಗೀರು ಬಿದ್ದು ಹಳ್ಳವಾಗುತ್ತದೆ. ಹಳ್ಳವಾದ ಕಡೆ ತಂತಿ ಕರಕರ ಎನ್ನುತ್ತದೆ.

ಮರವನ್ನು ನೀರಿನಿಂದಲೂ ಉಜ್ಜಾಟದಿಂದಲೂ ಕಾಪಾಡುವ ವಿದ್ಯೆ ದೋಣಿ ಕಟ್ಟುವವರಿಗೆ ಗೊತ್ತು. ಫೋರ್ಟ್ ಲಾಡರ್‌ಡೇಲ್ ಕಾಲುವೆಗಳ ಊರು, ದೋಣಿಗಳ ಊರು. ದೋಣಿಯ ಸಾಮಾನಿನ ಅಂಗಡಿಯಲ್ಲಿ ಪೆಟಿಟ್ ಕಂಪೆನಿಯ ಪಾಲಿಪಾಕ್ಸಿ ಎಂಬ ಲೇಪ ದೊರೆಯುತ್ತಿತ್ತು. ಸಾಮಾನ್ಯ ವಾರ್ನಿಷು ಒಳಗಿನ ದ್ರವ ಆರಿಹೋಗಿ ಒಣಗುತ್ತದೆ. ಎಪಾಕ್ಸಿ ಹಾಗಲ್ಲ. ಒಡೆದ ಸಾಮಾನು ಅಂಟಿಸಲು ಎರಡು ಟ್ಯೂಬುಗಳಿಂದ ಹಿಂಡಿ ಬೆರೆಸುವ ಅಂಟನ್ನು ಬಳಸಿದವರಿಗೆ ಇದು ಗೊತ್ತಿರುತ್ತದೆ. ರಾಳವೂ ಗಟ್ಟಿಕಾರಕವೂ ಕೂಡಿ ರಾಸಾಯನಿಕ ಕ್ರಿಯೆಯಿಂದ ಕಲ್ಲಿನಂತಾಗುತ್ತವೆ. ಆದ್ದರಿಂದ ದಪ್ಪವಾಗಿ ಹಚ್ಚಿದರೂ ಕುಗ್ಗಿ ಸುಕ್ಕಾಗುವ ಭಯ ಕಡಿಮೆ. ಇಂಥ ಕೆಲಸದಲ್ಲಿ ಆತುರ ಸಲ್ಲದು. ಒಂದು ಪದರ ಹಚ್ಚಿ, ಅದು ಗಟ್ಟಿಯಾಗುವ ತನಕ ಕಾದು, ಉಪ್ಪುಕಾಗದದಿಂದ ಉಜ್ಜಿ ಸಮಮಾಡಿ ಮತ್ತೆ ಹಚ್ಚಬೇಕು. ಎಲ್ಲಾದರೂ ಕೂದಲೆಳೆಯಷ್ಟು ಉಬ್ಬು ಉಳಿದರೂ ತಂತಿ ಅಲ್ಲಿ ತಾಗಿ ಅಪಸ್ವರ ಹೊರಡಿಸುತ್ತದೆ. ಕೊನೆಗೆ ಗಾಜಿನಂತೆ ಹೊಳೆಯುವ, ಗಾಜಿನಷ್ಟೇ ಗಡುಸಾದ ಹಲಗೆ ಸಿದ್ಧವಾಯಿತು. ಮರ ಉಳಿಯಿತು. ಜತೆಗೆ ಇನ್ನೊಂದು ಲಾಭವೂ ಆಯಿತು. ಗಡುಸು ಮೈಯ ಮೇಲೆ ಒತ್ತಿದ ತಂತಿಯ ದನಿ ಬೇಗ ಸಾಯದೆ ಮನುಷ್ಯನ ಕಂಠದಂತೆ ಎಳೆದು ನಿಂತಿತು.

ಪುಟ್ಟಿ ತುಂಬಿದ ಸಂದುಗಳು ಹಲಗೆಯ ಮೇಲೆ ಗೆರೆಗಳಾಗಿ ಕಾಣುತ್ತಿದ್ದುವು. ಮೆಟ್ಟಿಲಿದ್ದಾಗ ಅದರ ಹಿಂದೆ ಎಲ್ಲಿ ಒತ್ತಿದರೂ ನಡೆಯುತ್ತದೆ. ಈಗ ಬೆರಳ ತುದಿ ಗೆರೆಯ ಮೇಲೆಯೇ ಕೂರಬೇಕು. 34 ಅಂಗುಲದ ತಂತಿಯಲ್ಲಿ ಗೆರೆಗಿಂತ ಕೂದಲೆಳೆಯಷ್ಟು ಆಚೆ ಹೋದರೆ ಸ್ವರ ಕೆಟ್ಟಿತು. ಫೆಂಡರ್ ಮೆಟ್ಟಿಲುಗಳಿಗೆ ವಹಿಸಿದ್ದ ಕರಾರುವಾಕ್ಕುತನದ ಜವಾಬ್ದಾರಿಯನ್ನು ಈತ ಹಿಂದಕ್ಕೆ ಪಡೆದು ತನ್ನ ಕಿವಿಗೂ ಬೆರಳಿಗೂ ಒಪ್ಪಿಸಿದ. ಆತನ ಸ್ವರಶುದ್ಧಿ ಎಷ್ಟಿತ್ತೆಂದರೆ, ಬಿರುಸಿನ ಗತಿಯಲ್ಲೂ ಬೆರಳು ಗೆರೆಯನ್ನು ಹುಡುಕಿತೆಂದು ಎಲ್ಲಿಯೂ ಅನಿಸದು.

ಇನ್ನು ವಿದ್ಯುತ್ತಿನ ಭಾಗ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ಸಪುರ ತಾಮ್ರದ ಎಳೆ. ತಂತಿ ಕಂಪಿಸಿದರೆ ಎಳೆಯಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಹೈಸ್ಕೂಲಿನಲ್ಲಿ ನಾವು ಕಲಿಸುವ ಫ್ಯಾರಡೆಯ ಪಾಠವೇ ಇದು. ಇದಕ್ಕೆ ಪಿಕಪ್ ಎಂದು ಹೆಸರು. ಜಾಝ್ ಬಾಸಿನಲ್ಲಿ ಎರಡು ಪಿಕಪ್ಪುಗಳು. ಒಂದು ದಂಡಿಯ ಕಡೆಗೆ, ಇನ್ನೊಂದು ತಂತಿಗಳು ಬಿಗಿದಿರುವ ಕುದುರೆಯ ಕಡೆಗೆ. ಒಂದೊಂದಕ್ಕೂ ದನಿ ಹೆಚ್ಚು ಕಡಿಮೆ ಮಾಡುವ ಒಂದೊಂದು ಗುಂಡಿ. ಮೂರನೆಯದು ತಾರದ ಮೊನಚನ್ನು ತಗ್ಗಿಸಲು. ತಂತಿಯ ನಡುಭಾಗ ಹೆಚ್ಚು ತೂಗುವುದರಿಂದ ದಂಡಿಯ ಕಡೆಯ ಪಿಕಪ್ಪಿಗೆ ತುಂಬು ಮಂದ್ರ ಸಿಗುತ್ತದೆ. ಕುದುರೆಯ ಬಳಿ ತೂಗಾಟ ಕಡಿಮೆ, ಒಳಗಿನ ಉಪಸ್ವರಗಳು ಹೆಚ್ಚು. ಅಲ್ಲಿಯ ದನಿ ಬಿಗಿ, ತುಸು ಮೂಗಿನದು. ಎರಡನ್ನೂ ಒಟ್ಟಿಗೆ ತೆರೆದರೆ ಕೆಲವು ಮಧ್ಯದ ಸ್ವರಾಂಶಗಳು ಒಂದನ್ನೊಂದು ಹೊಡೆದುಹಾಕಿ ದನಿ ನಯವಾಗುತ್ತದೆ, ಆದರೆ ಮೇಳದ ನಡುವೆ ಹಿಂದೆ ಸರಿಯುತ್ತದೆ. ಜಾಕೊ ಕುದುರೆಯ ಪಿಕಪ್ಪನ್ನೇ ನೆಚ್ಚಿದ. ಇನ್ನೊಂದರ ಗುಂಡಿಯನ್ನು ತಗ್ಗಿಸಿ, ತಾರವನ್ನು ಸ್ವಲ್ಪ ಇಳಿಸಿ, ಬಲಗೈಯನ್ನೂ ಕುದುರೆಯ ಹತ್ತಿರಕ್ಕೇ ಒಯ್ದು ಮೀಟಿದ. ಪಿಕಪ್ಪಿನ ಮೇಲೂ ಕುದುರೆಯ ಮೇಲೂ ಕಂಪೆನಿ ಹಾಕಿದ್ದ ಹೊಳೆಯುವ ಲೋಹದ ಮುಚ್ಚಳಗಳನ್ನೂ ಒಡಲಿಗೆ ಗೀರು ಬೀಳದಂತೆ ಹಾಕಿದ್ದ ತಗಡನ್ನೂ ಕಳಚಿ ಇಟ್ಟ. ಒಡಲಿನೊಳಗೆ ಹೊಸ ಯಂತ್ರ ತುರುಕುವ ಗೋಜಿಗೆ ಹೋಗಲಿಲ್ಲ.

ಉಳಿದ ವಿದ್ಯುತ್ತಿನ ಆಟವೆಲ್ಲ ಹೊರಗೆ. ಅಕೌಸ್ಟಿಕ್ 360 ಎಂಬ ಆಂಪ್ಲಿಫೈಯರು, ಅದರ ಕಪಾಟಿನಂಥ ಪೆಟ್ಟಿಗೆಯಲ್ಲಿ 18 ಅಂಗುಲದ ಸ್ಪೀಕರು. ದನಿಯನ್ನು ಒರಟುಗೊಳಿಸುವ ಏರ್ಪಾಡೂ ಅದರಲ್ಲೇ ಇತ್ತು. ಬಳಿಕ ನುಡಿಸಿದ್ದನ್ನು ಹಿಡಿದಿಟ್ಟು ಮತ್ತೆ ಮತ್ತೆ ಕೇಳಿಸುವ ಡಿಲೇ ಯಂತ್ರವೊಂದು ಸೇರಿತು. ಅದರಲ್ಲಿ ಒಂದು ನಡೆಯನ್ನು ಸುತ್ತಲು ಬಿಟ್ಟು, ಅದರ ಮೇಲೆ ತಾನೇ ಇನ್ನೊಂದನ್ನು ನುಡಿಸಿ, ವೇದಿಕೆಯಲ್ಲಿ ಒಬ್ಬನೇ ಇಬ್ಬರಾಗುತ್ತಿದ್ದ. ಇದನ್ನೆಲ್ಲ ನಕಲು ಮಾಡಿದವರು ಸಾವಿರಾರು ಮಂದಿ. ಅದೇ ಲೇಪ, ಅದೇ ತಂತಿ, ಅದೇ ಪೆಟ್ಟಿಗೆ ಕೊಂಡರು. ಬಂದದ್ದು ಮಾತ್ರ ಅವರವರ ದನಿಯೇ.

ದನಿ ಸಿದ್ಧವಾದರೂ ಅನ್ನಕ್ಕೆ ದಾರಿ ಆಗಬೇಕಲ್ಲ. ಟ್ರೇಸಿ ಎಂಬ ಹುಡುಗಿಯನ್ನು ಜಾಕೊ ಎಳೆಯ ವಯಸ್ಸಿನಲ್ಲೇ ಮದುವೆಯಾಗಿದ್ದ. 1970ರಲ್ಲಿ ಹೆಣ್ಣುಮಗು, 1973ರಲ್ಲಿ ಗಂಡುಮಗು. 1972ರಲ್ಲಿ ವೇಯ್ನ್ ಕಾಕ್ರನ್ ಎಂಬ ಹಾಡುಗಾರನ ಮೇಳ ಸೇರಿ ಬಸ್ಸಿನಲ್ಲಿ ಊರೂರು ಸುತ್ತಿದ. ಸ್ವರಲಿಪಿ ಓದುವುದನ್ನೂ ದೊಡ್ಡ ಮೇಳಕ್ಕೆ ಸಂಗೀತ ಹೊಂದಿಸುವುದನ್ನೂ ಆ ತಿರುಗಾಟದಲ್ಲಿ ಕಲಿತ. ಕೆಲಕಾಲ ಮಯಾಮಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ್ದೂ ಉಂಟು. ಪ್ಯಾಟ್ ಮೆಥಿನಿ ಎಂಬ ಗಿಟಾರು ವಾದಕನ ಸ್ನೇಹ ಆಗಿನದು. ಮುಂದೆ ಜಗತ್ಪ್ರಸಿದ್ಧನಾದ ಮೆಥಿನಿಯ ಮೊದಲ ಧ್ವನಿಮುದ್ರಿಕೆಯಲ್ಲಿ ಬಾಸ್ ಜಾಕೊನದೇ.

ಫೋರ್ಟ್ ಲಾಡರ್‌ಡೇಲಿನ ಕ್ಲಬ್ಬೊಂದರಲ್ಲಿ ಟ್ರೇಸಿ ಕೆಲಸಕ್ಕಿದ್ದಳು. ಅಲ್ಲಿಗೆ ಬಂದ ಬಾಬಿ ಕೊಲಂಬಿ ಎಂಬ ಡ್ರಮ್ಸ್ ವಾದಕನಿಗೆ ತನ್ನ ಗಂಡನ ವಿಚಾರ ತಿಳಿಸಿದವಳು ಆಕೆಯೇ. ಕೊಲಂಬಿ ಕೇಳಿದ, ಬೆರಗಾದ. ಆತನೇ ಮುಂದೆ ನಿಂತು ಮಾಡಿಸಿದ ಜಾಕೊನ ಮೊದಲ ಸ್ವಂತ ಧ್ವನಿಮುದ್ರಿಕೆ 1976ರಲ್ಲಿ ಹೊರಬಂತು. ಅದರ ಮೊದಲ ಕೃತಿ ಡೊನಾ ಲೀ. ಸ್ಯಾಕ್ಸಫೋನಿನಂಥ ಊದುವ ವಾದ್ಯದಲ್ಲಿ ನುಡಿಸುವುದೇ ಕಷ್ಟವಾದ ಆ ಬಿರುಸಿನ ಕೃತಿಯನ್ನು ಕೈಚರ್ಮವಾದ್ಯವೊಂದರ ಜತೆಯಲ್ಲಿ ಮಾತ್ರ ಬಾಸಿನಲ್ಲಿ ನುಡಿಸಿದ್ದಾನೆ. ಹಾಡು ಮೊದಲಾಗುವುದೂ ಪಂಚಾಂಗದ ಕಲ್ಲು ಗೋಪುರದ ತುದಿಗೇರಿ ಕೂತಂತೆ ಅನಿಸುತ್ತದೆ. ಇನ್ನೊಂದು ಕೃತಿಗೆ ಹೆಂಡತಿಯ ಹೆಸರನ್ನೇ ಇಟ್ಟಿದ್ದಾನೆ. ತಂತಿಯನ್ನು ಒತ್ತದೆ ಕೆಲವು ಗೊತ್ತಾದ ಸ್ಥಾನಗಳಲ್ಲಿ ಬೆರಳು ತಾಗಿಸಿ ಮೀಟಿದರೆ ಹಾರ್ಮೋನಿಕ್ ಎಂಬ ಕೊಳಲಿನಂಥ ಉಪಸ್ವರಗಳು ಹೊರಡುತ್ತವೆ. ಆ ಕೃತಿ ಬಹುಪಾಲು ಅವುಗಳಿಂದಲೇ ಹೆಣೆದದ್ದು. ಹೊಸದಾಗಿ ಕೇಳುವವರು ಇದರಿಂದ ಮೊದಲುಮಾಡಿದರೆ ಒಳ್ಳೆಯದು. ಮೂರು ನಿಮಿಷ ಸಾಕು.

ವೆದರ್ ರಿಪೋರ್ಟ್ ಎಂಬ ಹೆಸರಾಂತ ಮೇಳದ ಮುಖ್ಯಸ್ಥ ಜೋ ಜಾವಿನಲ್ ವಿಯೆನ್ನಾದವ, ಮುಂಗೋಪಿ. 1974ರಲ್ಲಿ ಮಯಾಮಿಯ ಕಚೇರಿ ಮುಗಿಸಿ ಹೊರಬಂದಾಗ ಉದ್ದಗೂದಲ ಸಪುರ ಹುಡುಗನೊಬ್ಬ ಎದುರು ನಿಂತು, ಜಗತ್ತಿನ ಅತಿ ದೊಡ್ಡ ಬಾಸ್ ವಾದಕ ತಾನೆಂದು ಪರಿಚಯಿಸಿಕೊಂಡ. ಜಾವಿನಲ್ ಬೈದು ಅಟ್ಟಿದ. ಹುಡುಗ ಬಿಡಲಿಲ್ಲ; ತನ್ನ ವಾದನದ ಟೇಪುಗಳನ್ನು ಕಳುಹಿಸಿದ. 1976ರಲ್ಲಿ ಮೇಳದ ಬಾಸ್ ವಾದಕ ಬಿಟ್ಟಾಗ ಜಾವಿನಲ್ ಕರೆದದ್ದು ಈತನನ್ನೇ. ಮರುವರ್ಷ ಬಂದ ಹೆವಿ ವೆದರ್ ಎಂಬ ಧ್ವನಿಮುದ್ರಿಕೆ ಲಕ್ಷಗಟ್ಟಲೆ ಮಾರಾಟವಾಯಿತು. ಅದರಲ್ಲಿ ಟೀನ್ ಟೌನ್ ಎಂಬುದು ಜಾಕೊನ ಸ್ವಂತ ರಚನೆ. ಬಾಸನ್ನೂ ಡ್ರಮ್ಸನ್ನೂ ತಾನೇ ನುಡಿಸಿದ್ದಾನೆ. ಕೈ ಮುರಿದು ಕೋಲು ಬಿಟ್ಟವನು ಹೀಗೆ ತನ್ನ ಬಾಕಿ ತೀರಿಸಿಕೊಂಡ. 1979ರಲ್ಲಿ ಹೊರಬಂದ ಮೇಳದ 8:30 ಎಂಬ ಧ್ವನಿಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು.

ಹಾಡುಗಾರ್ತಿ ಜೋನಿ ಮಿಚೆಲ್‌ಳ ಜತೆಗೆ 1976ರಿಂದ ನುಡಿಸಿದ್ದು ಬೇರೆಯೇ ಬಗೆ. ಅಲ್ಲಿ ಆತನ ಬಾಸು ಎರಡನೆಯ ಕಂಠದಂತೆ ಅವಳ ದನಿಯ ಪಕ್ಕದಲ್ಲಿ ನಡೆಯುತ್ತದೆ. ಬಿರುಸು ಮೆಚ್ಚುವವರು ವೆದರ್ ರಿಪೋರ್ಟ್ ಹೊಗಳಲಿ. ನಮ್ಮ ಒಲವು ಈ ನಿಧಾನದ ಹಾಡುಗಳ ಕಡೆಗೆ. 1979ರಲ್ಲಿ ಕ್ಯೂಬಾದ ಹವಾನಾದಲ್ಲಿ ಜಾನ್ ಮೆಕ್‌ಲಾಫ್ಲಿನ್, ಟೋನಿ ವಿಲಿಯಮ್ಸರೊಂದಿಗೆ ತ್ರಿವಾದ್ಯ ಕಚೇರಿಯನ್ನೂ ಕೊಟ್ಟ. ಎಲ್. ಶಂಕರ್, ಜಾಕಿರ್ ಹುಸೇನ್, ವಿನಾಯಕರಾಮರನ್ನು ಕೂಡಿಕೊಂಡು ಶಕ್ತಿ ಮೇಳ ಕಟ್ಟಿದ ಮೆಕ್‌ಲಾಫ್ಲಿನ್ನರೇ ಇವರು. 1981ರಲ್ಲಿ ವರ್ಡ್ ಆಫ್ ಮೌತ್ ಎಂಬ ತನ್ನ ದೊಡ್ಡ ಮೇಳದ ಧ್ವನಿಮುದ್ರಿಕೆ ತಂದ. ಬಾಖ್ ಕೀಲಿಮಣೆಯ ವಾದ್ಯಕ್ಕೆಂದು ರಚಿಸಿದ ಕ್ರೊಮ್ಯಾಟಿಕ್ ಫ್ಯಾಂಟಸಿಯನ್ನೂ ಅದರಲ್ಲಿ ಬಾಸಿನ ಮೇಲೆ ನುಡಿಸಿ ತೋರಿದ.

ಇಲ್ಲಿಂದ ಮುಂದಿನದನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ. ಯೌವನದ ಮೊದಲಲ್ಲಿ ಮದ್ಯದಿಂದ ದೂರವಿದ್ದ ಜಾಕೊ 1970ರ ದಶಕದ ಕೊನೆಗೆ ಮದ್ಯಕ್ಕೂ ಮಾದಕ ವಸ್ತುಗಳಿಗೂ ಒಳಗಾದ. ಅವುಗಳ ಅಡಿಯಲ್ಲಿ ಇನ್ನೊಂದು ಕಾಯಿಲೆ ಬೆಳೆಯುತ್ತಿತ್ತು. ಮನಸ್ಸು ಕೆಲವು ಕಾಲ ಮೇರೆಯಿಲ್ಲದೆ ಉಬ್ಬುವುದು, ನಿದ್ದೆ ಬೇಡವಾಗುವುದು, ತನ್ನಿಂದಾಗದ್ದು ಯಾವುದೂ ಇಲ್ಲವೆನಿಸುವುದು. ಇನ್ನು ಕೆಲವು ಕಾಲ ಪಾತಾಳಕ್ಕೆ ಕುಸಿಯುವುದು. ವೈದ್ಯರು ಇದನ್ನು ಬೈಪೋಲಾರ್ ಕಾಯಿಲೆ ಎನ್ನುತ್ತಾರೆ. ಸಾಧಾರಣ ಗುಮಾಸ್ತನೊಬ್ಬ ಹೀಗೆ ವರ್ತಿಸಿದರೆ ಮನೆಯವರು ಗಾಬರಿಯಾಗುತ್ತಿದ್ದರು. ಕಲಾವಿದ ವರ್ತಿಸಿದರೆ ಅದು ಪ್ರತಿಭೆಯ ಲಕ್ಷಣವೆಂದು ಚಪ್ಪಾಳೆ ಬೀಳುತ್ತದೆ. ಜಾಕೊ ವೇದಿಕೆಯಲ್ಲಿ ಲಾಗ ಹಾಕಿದ, ಬಾಸನ್ನು ನೆಲಕ್ಕೆಸೆದ, ಜನ ಕುಣಿದರು. ಯಾವುದು ಆಟ, ಯಾವುದು ರೋಗ ಎಂದು ಗೆರೆ ಎಳೆಯುವುದು ಹತ್ತಿರದವರಿಗೂ ಆಗಲಿಲ್ಲ.

1982ರ ಜಪಾನ್ ಪ್ರವಾಸದಲ್ಲಿ ಅದು ಎಲ್ಲರಿಗೂ ಕಂಡಿತು. ತಲೆ ಬೋಳಿಸಿಕೊಂಡ, ಮುಖಕ್ಕೆ ಬಣ್ಣ ಬಳಿದುಕೊಂಡ, ಬಾಸ್ ಗಿಟಾರೊಂದನ್ನು ಹಿರೋಶಿಮಾದ ಕೊಲ್ಲಿಗೆ ಎಸೆದ. ಊರಿಗೆ ಮರಳಿದ ಮೇಲೆ ಮನೆಯವರು ಆಸ್ಪತ್ರೆಗೆ ಸೇರಿಸಿದರು. ಕಾಯಿಲೆಗೆ ಹೆಸರು ಸಿಕ್ಕಿದ್ದು ಆಗಲೇ. ಲಿಥಿಯಂ ಎಂಬ ಔಷಧಿ ಕೊಟ್ಟರು. ಏರಿಳಿತವನ್ನು ಹದಕ್ಕೆ ತರುವ ಈ ಔಷಧಿಯಿಂದ ಕೆಲವರ ಕೈಬೆರಳು ನಡುಗುವುದುಂಟು. ಕೂದಲೆಳೆಯ ಲೆಕ್ಕದಲ್ಲಿ ಬೆರಳಿಡಬೇಕಾದವನಿಗೆ ಅದರ ಭಯ ಎಷ್ಟಿರಬೇಕೆಂದು ಊಹಿಸಬಹುದು. ಜಾಕೊ ಅದನ್ನು ಕ್ರಮವಾಗಿ ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ಟ್ರೇಸಿಯೊಡನೆ ಬಾಳು ಮುರಿದಿತ್ತು. ಇಂಗ್ರಿಡ್ ಎಂಬವಳನ್ನು 1979ರಲ್ಲಿ ಮದುವೆಯಾಗಿದ್ದ. 1982ರಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರು. ಆ ಸಂಸಾರವೂ ನಿಲ್ಲಲಿಲ್ಲ. 1980ರ ದಶಕದ ಮಧ್ಯದಲ್ಲಿ ಆತ ನ್ಯೂಯಾರ್ಕಿನ ಬೀದಿಗಳಲ್ಲಿ, ಉದ್ಯಾನಗಳಲ್ಲಿ ಮಲಗುವ ಸ್ಥಿತಿಗೆ ಬಂದ. ಧ್ವನಿಮುದ್ರಿಕೆಯಂಗಡಿಯಲ್ಲಿ ಆತನ ಚಿತ್ರವಿರುವ ತಟ್ಟೆಗಳು ಮಾರಾಟವಾಗುತ್ತಲೇ ಇದ್ದುವು. 1986ರಲ್ಲಿ ಅಲ್ಲಿಯ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಕೆಲವು ವಾರ ಚಿಕಿತ್ಸೆಯಾಯಿತು. ಹೊರಬಂದು ಫ್ಲಾರಿಡಾಕ್ಕೆ ಮರಳಿದ. ತುಸು ದಿನ ಸುಧಾರಿಸಿದಂತೆ ಕಂಡಿತು.

ಬೆಣ್ಣೆಚೂರಿಯ ಆ ಬಾಸಿಗೂ ಇದೇ ಕಾಲದಲ್ಲಿ ಇದೇ ಗತಿ. ಅದು ಚೂರುಚೂರಾಗಿ ಒಡೆದಿತ್ತು. ಚೂರುಗಳನ್ನು ಒಟ್ಟುಗೂಡಿಸಿಕೊಂಡು ಫ್ಲಾರಿಡಾದ ಇಬ್ಬರು ವಾದ್ಯ ದುರಸ್ತಿಗಾರರ ಬಳಿಗೆ ಹೋದ. ಅವರು ಒಂದೊಂದು ಚೂರನ್ನೂ ಅದರದರ ಜಾಗಕ್ಕೆ ಹೊಂದಿಸಿ, ಅಂಟಿಸಿ, ಮತ್ತೆ ಹಾಡುವಂತೆ ಮಾಡಿಕೊಟ್ಟರು. ಮರದ ವಿಚಾರದಲ್ಲಿ ಇದು ಸಾಧ್ಯ. ದುರಸ್ತಿಯಾಗಿ ಬಂದ ಬಾಸು 1986ರಲ್ಲಿ ನ್ಯೂಯಾರ್ಕಿನ ಉದ್ಯಾನವೊಂದರಲ್ಲಿ ಕಾಣೆಯಾಯಿತು. ಜಾಕೊ ಅದನ್ನು ಬೆಂಚಿನ ಮೇಲಿಟ್ಟು ಬಾಸ್ಕೆಟ್‌ಬಾಲ್ ಆಡಲು ಹೋಗಿದ್ದನಂತೆ. ತಿರುಗಿ ನೋಡುವಷ್ಟರಲ್ಲಿ ಇಲ್ಲ.

1987ರ ಸೆಪ್ಟೆಂಬರ್ 11ರ ರಾತ್ರಿ ಫೋರ್ಟ್ ಲಾಡರ್‌ಡೇಲಿನ ಸಮೀಪ ಕಾರ್ಲೋಸ್ ಸಂತಾನಾನ ಕಚೇರಿ ನಡೆಯುತ್ತಿತ್ತು. ಜಾಕೊ ಕರೆಯಿಲ್ಲದೆ ವೇದಿಕೆ ಹತ್ತಿದ. ಕಾವಲಿನವರು ಇಳಿಸಿ ಹೊರಗೆ ಕಳುಹಿಸಿದರು. ಅಲ್ಲಿಂದ ವಿಲ್ಟನ್ ಮ್ಯಾನರ್ಸ್ ಎಂಬಲ್ಲಿಯ ಮದ್ಯದ ಕ್ಲಬ್ಬೊಂದಕ್ಕೆ ಹೋದ. ಒಳಗೆ ಬಿಡಲಿಲ್ಲ. ಗಾಜಿನ ಬಾಗಿಲಿಗೆ ಒದ್ದನೆಂದೂ ಜಗಳವಾಯಿತೆಂದೂ ದಾಖಲೆ. ಕ್ಲಬ್ಬಿನ ಮೇಲ್ವಿಚಾರಕನ ಹೊಡೆತಕ್ಕೆ ಮುಖದ ಮೂಳೆಗಳು ಮುರಿದುವು, ಪ್ರಜ್ಞೆ ಮರಳಲಿಲ್ಲ. ಹತ್ತು ದಿನಗಳ ಬಳಿಕ, ಸೆಪ್ಟೆಂಬರ್ 21ರಂದು, ಜಾಕೊ ತೀರಿಕೊಂಡ. ಪತ್ರಿಕೆ ಹಂಚುತ್ತ ಸೈಕಲ್ಲು ತುಳಿಯುವ ಹರೆಯವನ್ನು ಕಳೆದದ್ದು ಅದೇ ಆಸುಪಾಸಿನಲ್ಲಿ. ಹೊಡೆದವನು ತಪ್ಪೊಪ್ಪಿಕೊಂಡ. 22 ತಿಂಗಳ ಶಿಕ್ಷೆಯಾಯಿತು. ಸುಮಾರು ನಾಲ್ಕು ತಿಂಗಳಲ್ಲಿ ಬಿಡುಗಡೆಯೂ ಆಯಿತು.

ಮರುವರ್ಷ ಡೌನ್ ಬೀಟ್ ಎಂಬ ಜಾಝ್ ಪತ್ರಿಕೆ ತನ್ನ ಗೌರವ ಮಂಟಪಕ್ಕೆ ಆತನ ಹೆಸರನ್ನು ಸೇರಿಸಿತು. ಬದುಕಿದ್ದಾಗ ಮಲಗಲು ಉದ್ಯಾನದ ಬೆಂಚನ್ನು ಹುಡುಕಿದವನ ಹೆಸರಿನಲ್ಲಿ ಫ್ಲಾರಿಡಾದ ಓಕ್‌ಲೆಂಡ್ ಪಾರ್ಕ್ ಊರಿನವರು 2008ರಲ್ಲಿ ಒಂದು ಉದ್ಯಾನವನ್ನೇ ತೆರೆದರು. ಫೆಂಡರ್ ಕಂಪೆನಿ ಎಪಾಕ್ಸಿ ಹಚ್ಚಿದ, ಮೆಟ್ಟಿಲಿಲ್ಲದ ಬಾಸುಗಳನ್ನು ಆತನ ಹೆಸರಿನಲ್ಲಿ ತಯಾರಿಸಿತು. ಹಳೆಯ ವಾದ್ಯದ ಗೀರು, ಸವೆತಗಳನ್ನೂ ನಕಲು ಮಾಡಿದ ದುಬಾರಿ ಮಾದರಿಯೂ ಬಂತು. ಹೊಸ ವಾದ್ಯಕ್ಕೆ ಬೇಕೆಂದೇ ಗಾಯ ಮಾಡಿ ಹೆಚ್ಚು ಬೆಲೆಗೆ ಮಾರುವುದು ನಮಗೆ ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ.

ಕಳವಾದ ಬಾಸು ಸುಮಾರು 20 ವರ್ಷಗಳ ಮೇಲೆ ನ್ಯೂಯಾರ್ಕಿನಲ್ಲಿ ಪತ್ತೆಯಾಯಿತು. ಅಂಟಿಸಿದ ಚೂರುಗಳ ಗುರುತೇ ಅದರ ಗುರುತಾಯಿತು. ಹಕ್ಕಿನ ವಿವಾದ ನಡೆದು, ಮೆಟಾಲಿಕಾ ಮೇಳದ ಬಾಸ್ ವಾದಕ ರಾಬರ್ಟ್ ಟ್ರುಹಿಯೊ 2010ರಲ್ಲಿ ಹಣದ ನೆರವು ಕೊಟ್ಟು ತಕರಾರು ತೀರಿಸಿದ. ಜಾಕೊನ ಬಾಳಿನ ಬಗ್ಗೆ ಸಾಕ್ಷ್ಯಚಿತ್ರವೊಂದನ್ನೂ ಆತ ತಯಾರಿಸಿದ. ತಂದೆ ತೀರಿಕೊಂಡಾಗ ಐದು ವರ್ಷದವರಾಗಿದ್ದ ಅವಳಿ ಮಕ್ಕಳಲ್ಲಿ ಫೆಲಿಕ್ಸ್ ಬಾಸ್ ವಾದಕನಾದ. ಜೂಲಿಯಸ್ ಹಿಡಿದದ್ದು ಅಜ್ಜನ ವಾದ್ಯ, ಡ್ರಮ್ಸ್.